ಮೂರು ಬಂದರುಗಳ ಬಂಗುಡೆ: ಸರಾಸರಿ ಹೋಲಿಸಲು ಯಾವ ಪರೀಕ್ಷೆ?

ಕಡಲಕರೆ: ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಮಂಗಳೂರು ದಕ್ಕೆ, ಮಲ್ಪೆ, ಗಂಗೊಳ್ಳಿ ಮೂರೂ ಕಡೆ ತಲಾ 30 ಬಂಗುಡೆ ತೂಗಿದ್ದೇನೆ. ಸರಾಸರಿ ತೂಕದಲ್ಲಿ ವ್ಯತ್ಯಾಸ ಇದೆಯೇ ಎಂದು ತಿಳಿಯಬೇಕು. ಎರಡೆರಡು ಬಂದರುಗಳನ್ನು ಜೋಡಿಸಿ ಮೂರು ಸಲ ಟಿ-ಪರೀಕ್ಷೆ (ಎರಡು ಸರಾಸರಿಗಳ ಹೋಲಿಕೆ) ಮಾಡಿದರೆ ಸಾಕೇ, ಎಲ್ಲ ಗುಂಪುಗಳ ಸರಾಸರಿಯನ್ನು ಒಟ್ಟಿಗೆ ಹೋಲಿಸುವ ಅನೋವಾ ಬೇಕೇ? 90 ಮೀನುಗಳ ತೂಕವನ್ನೂ ಒಟ್ಟಿಗೆ ಶಪಿರೋ–ವಿಲ್ಕ್ ಪರೀಕ್ಷೆಗೆ ಕೊಟ್ಟೆ, ನಾರ್ಮಲ್ (ಸರಾಸರಿಯ ಸುತ್ತ ಗಂಟೆಯಾಕಾರದ ಹರವು) ಅಲ್ಲ ಎಂದು ಬಂತು. ಹಾಗಾದರೆ ನಾರ್ಮಲ್ ಹರವು ಬೇಡದ ಕ್ರಸ್ಕಲ್–ವಾಲಿಸ್ ಪರೀಕ್ಷೆ ಒಂದೇ ದಾರಿ ಎನ್ನುತ್ತಾಳೆ ಗೆಳತಿ.

ಸುರತ್ಕಲ್‌ನವ: ಮೂರು ಟಿ-ಪರೀಕ್ಷೆ ಬೇಡ. ಒಂದೊಂದರಲ್ಲೂ ಶೇ. 5ರಷ್ಟು ಸುಳ್ಳು ವ್ಯತ್ಯಾಸ ಕಾಣುವ ಅಪಾಯವಿದ್ದರೆ ಮೂರೂ ಸೇರಿ ಅದು ಶೇ. 14ಕ್ಕೆ ಏರುತ್ತದೆ. ಮೊದಲು ಅನೋವಾ, ವ್ಯತ್ಯಾಸ ಕಂಡರೆ ಅದು ಯಾವ ಜೋಡಿಯಲ್ಲಿ ಎಂದು ತಿಳಿಯಲು ಟ್ಯೂಕಿ ಪರೀಕ್ಷೆ. ಮುಗಿಯಿತು.

ಮಣಿಪಾಲ ಗುಡ್ಡೆ: ಶೇ. 14 ಬರುವುದು ಮೂರು ಹೋಲಿಕೆಗಳೂ ಪರಸ್ಪರ ಸ್ವತಂತ್ರವಾಗಿದ್ದರೆ. ಇಲ್ಲಿ ಮಲ್ಪೆಯ ಅದೇ ಮೀನುಗಳು ಎರಡು ಹೋಲಿಕೆಗಳಲ್ಲಿ ಬರುತ್ತವೆ, ಆದ್ದರಿಂದ ಸುಮಾರು ಶೇ. 12. ಇನ್ನೊಂದು ಮಾತು: ಗುಂಪುಗಳು ಮೂರೇ ಇದ್ದಾಗ, ಅನೋವಾ ವ್ಯತ್ಯಾಸ ತೋರಿಸಿದ ಮೇಲೆ, ಮೂರೂ ಗುಂಪುಗಳ ಒಳಗಿನ ಚದುರುವಿಕೆಯನ್ನು ಒಟ್ಟುಗೂಡಿಸಿದ ಅದರ ಅಂದಾಜನ್ನೇ ಬಳಸಿ ಟಿ-ಪರೀಕ್ಷೆ ಮಾಡಿದರೆ ಅಪಾಯ ಶೇ. 5ರ ಒಳಗೇ ಉಳಿಯುತ್ತದೆ. ಇದು ಸಂಖ್ಯಾಶಾಸ್ತ್ರಜ್ಞ ಫಿಶರ್ ಹೇಳಿದ ಕ್ರಮ. ನಾಲ್ಕನೆಯ ಬಂದರು ಸೇರಿತೋ, ಆ ರಕ್ಷಣೆ ಹೋಯಿತು.

ಸುರತ್ಕಲ್‌ನವ: ಇದು ಕೂದಲು ಸೀಳುವ ಲೆಕ್ಕ. ಪರೀಕ್ಷಕರು ಕೇಳುವುದು ಟ್ಯೂಕಿಯನ್ನೇ.

ನಿವೃತ್ತ ಉಪನ್ಯಾಸಕ: ಕಡಲಕರೆ ಅವರೇ, 90 ಮೀನುಗಳನ್ನು ಒಂದೇ ರಾಶಿ ಮಾಡಿ ನಾರ್ಮಲ್ ಹೌದೋ ಅಲ್ಲವೋ ಎಂದು ನೋಡಿದ್ದಕ್ಕೆ ಅರ್ಥವಿಲ್ಲ. ಬಂದರಿನಿಂದ ಬಂದರಿಗೆ ಸರಾಸರಿ ಬೇರೆಯಾಗಿದ್ದರೆ ರಾಶಿಗೆ ಎರಡು ಮೂರು ಗೂನು ಬರುವುದು ಸಹಜ. ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಲ್ಲಿ ದೋಷವಾಗಿ ಕಾಣಿಸುತ್ತದೆ. ಪ್ರತಿ ಮೀನಿನ ತೂಕದಿಂದ ಅದರ ಬಂದರಿನ ಸರಾಸರಿ ಕಳೆದು, ಉಳಿದದ್ದನ್ನು ನೋಡಬೇಕು. ಅದನ್ನೂ ನಕ್ಷೆ ಎಳೆದು ಕಣ್ಣಿನಿಂದಲೇ ನೋಡಿ. ಶಪಿರೋ–ವಿಲ್ಕ್ ಸಣ್ಣ ಮಾದರಿಯಲ್ಲಿ ದೊಡ್ಡ ಓರೆಯನ್ನೂ ಹಿಡಿಯುವುದಿಲ್ಲ, ದೊಡ್ಡ ಮಾದರಿಯಲ್ಲಿ ಲೆಕ್ಕಕ್ಕೆ ಬಾರದ ಓರೆಗೂ ಕೂಗು ಹಾಕುತ್ತದೆ.

ಕ್ರಸ್ಕಲ್–ವಾಲಿಸ್ ಸರಾಸರಿಯನ್ನು ಹೋಲಿಸುವುದೇ ಇಲ್ಲ. ತೂಕಗಳನ್ನು ಕ್ರಮಾಂಕಗಳಾಗಿಸಿ, ಒಂದು ಗುಂಪಿನ ಮೀನು ಇನ್ನೊಂದರ ಮೀನಿಗಿಂತ ಭಾರವಾಗಿರುವ ಒಲವಿದೆಯೇ ಎಂದು ಕೇಳುತ್ತದೆ. ಗುಂಪುಗಳ ಹರವು ಒಂದೇ ಆಕಾರದಲ್ಲಿ ಇಲ್ಲದಿದ್ದರೆ ಅದನ್ನು ಮಧ್ಯಾಂಕಗಳ ಹೋಲಿಕೆ ಎನ್ನುವುದೂ ತಪ್ಪು. ನಿಮ್ಮ ಪ್ರಶ್ನೆ ಸರಾಸರಿಯದ್ದಾದರೆ ಆ ಪ್ರಶ್ನೆಯನ್ನೇ ಕೇಳುವ ಪರೀಕ್ಷೆ ಇರಲಿ.

ಕಡಲಕರೆ: ಗಂಗೊಳ್ಳಿಯ ಮೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಮಂಗಳೂರಿನವು ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲವೂ ಇವೆ. ಚದುರುವಿಕೆ ಸಮವಾಗಿರಬೇಕು ಎನ್ನುತ್ತಾರಲ್ಲ?

ಮಣಿಪಾಲ ಗುಡ್ಡೆ: ವೆಲ್ಚ್ ವಿಧಾನದ ಅನೋವಾ ಬಳಸಿ, ಅದಕ್ಕೆ ಸಮ ಚದುರುವಿಕೆಯ ಷರತ್ತಿಲ್ಲ. ಮೊದಲು ಚದುರುವಿಕೆ ಸಮವೇ ಎಂದು ನೋಡುವ ಲೆವೀನ್ ಪರೀಕ್ಷೆ ಮಾಡಿ, ಆಮೇಲೆ ಯಾವುದು ಎಂದು ತೀರ್ಮಾನಿಸುವ ಸುತ್ತು ದಾರಿ ಬೇಡ, ನೇರವಾಗಿ ವೆಲ್ಚ್.

ಸುರತ್ಕಲ್‌ನವ: ಮೂರೂ ಗುಂಪಿನಲ್ಲಿ 30 ಇರುವಾಗ ಸಾಧಾರಣ ಅನೋವಾ ಅಷ್ಟಾಗಿ ದಾರಿ ತಪ್ಪುವುದಿಲ್ಲ. ಹೆಚ್ಚು ಚದುರಿದ ಗುಂಪಿನಲ್ಲಿ ಮೀನು ಕಡಿಮೆ ಇದ್ದರೆ ಮಾತ್ರ ಸುಳ್ಳು ವ್ಯತ್ಯಾಸ ಹೆಚ್ಚು ಕಾಣುತ್ತದೆ. ಆದರೂ ವೆಲ್ಚ್‌ಗೆ ನನ್ನ ತಕರಾರಿಲ್ಲ.

ಪಡುಕರೆ: ನಿಮ್ಮ ಪರೀಕ್ಷೆಗಳ ಹೆಸರು ನನಗೆ ಗೊತ್ತಿಲ್ಲ, ದೋಣಿ ಗೊತ್ತು. ಗಂಗೊಳ್ಳಿಯ ಮೀನು ಒಂದೇ ಗಾತ್ರವೆಂದರೆ ಅದು ನಾಡದೋಣಿಯ ಪಟ್ಟೆಬಲೆಯದ್ದು ಇರಬೇಕು. ಆ ಬಲೆಯ ಕಣ್ಣಿಗೆ ಕಿವಿರು ಸಿಕ್ಕಿಕೊಳ್ಳುವ ಗಾತ್ರದ ಮೀನು ಮಾತ್ರ ಬರುತ್ತದೆ. ಸಣ್ಣದು ತೂರಿ ಹೋಗುತ್ತದೆ, ದೊಡ್ಡದರ ತಲೆ ಒಳಗೆ ಹೋಗುವುದಿಲ್ಲ. ಎಷ್ಟು ದೋಣಿಗಳಿಂದ ತೆಗೆದುಕೊಂಡಿರಿ?

ಕಡಲಕರೆ: ಒಂದೊಂದು ಬಂದರಿನಲ್ಲಿ ಒಂದೊಂದು ದೋಣಿ. ಗಂಗೊಳ್ಳಿಯದು ನಾಡದೋಣಿಯೇ. ಉಳಿದೆರಡು ಪರ್ಸೀನ್ (ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಬಲೆ).

ನಿವೃತ್ತ ಉಪನ್ಯಾಸಕ: ಹಾಗಾದರೆ ಮೇಲಿನ ಅರ್ಧ ಚರ್ಚೆ ವ್ಯರ್ಥ. ಬಂಗುಡೆ ಗುಂಪಿನಲ್ಲಿ ಸಾಗುವ ಮೀನು, ಒಂದು ಗುಂಪಿನಲ್ಲಿ ಸರಿಸುಮಾರು ಒಂದೇ ಗಾತ್ರದವು ಸೇರಿರುತ್ತವೆ. ಒಂದೇ ಬಲೆಯ 30 ಮೀನುಗಳು 30 ಸ್ವತಂತ್ರ ಸಾಕ್ಷಿಗಳಲ್ಲ, ಒಂದೇ ಮನೆಯ 30 ಮಂದಿಯನ್ನು ಕೇಳಿ ಊರಿನ ಅಭಿಪ್ರಾಯ ಬರೆದ ಹಾಗೆ. ಲೆಕ್ಕ ಹಾಕಿ ನೋಡಿ: ಒಂದು ದೋಣಿಯ ಮೀನುಗಳ ನಡುವಿನ ಸಹಸಂಬಂಧ (ಅವುಗಳ ತೂಕ ಎಷ್ಟರ ಮಟ್ಟಿಗೆ ಒಂದನ್ನೊಂದು ಹೋಲುತ್ತದೆ ಎಂಬ ಅಳತೆ) 0.3 ಎಂದುಕೊಳ್ಳೋಣ. 29ನ್ನು 0.3ರಿಂದ ಗುಣಿಸಿ 1 ಕೂಡಿದರೆ 9.7. 30ನ್ನು ಅದರಿಂದ ಭಾಗಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಸುಮಾರು ಮೂರು ಮೀನಿನಷ್ಟು ಮಾಹಿತಿ. ಅದಕ್ಕಿಂತ ಕೆಟ್ಟದ್ದು, ಬಂದರಿಗೆ ಒಂದೇ ದೋಣಿ ಇರುವಾಗ ವ್ಯತ್ಯಾಸ ಬಂದರಿನದೋ ದೋಣಿಯದೋ ಎಂದು ಬೇರ್ಪಡಿಸುವ ಪರೀಕ್ಷೆಯೇ ಇಲ್ಲ. ವೆಲ್ಚ್ ಇರಲಿ, ಟ್ಯೂಕಿ ಇರಲಿ.

ಸುರತ್ಕಲ್‌ನವ: ಇದು ಅತಿ ಕಟ್ಟುನಿಟ್ಟು. ಪದವಿ ಮಟ್ಟದ ಪ್ರಾಜೆಕ್ಟು, ಪಿಎಚ್‌ಡಿ ಅಲ್ಲ. ‘ಈ ಮೂರು ದೋಣಿಗಳ ಮೀನಿನ ಸರಾಸರಿ ತೂಕ’ ಎಂದು ಶೀರ್ಷಿಕೆ ಬದಲಿಸಿದರೆ ಇರುವ ಅಂಕಿಗಳೇ ಸಾಕು.

ನಿವೃತ್ತ ಉಪನ್ಯಾಸಕ: ಬದಲಿಸಬಹುದು, ಪ್ರಾಮಾಣಿಕವೂ ಹೌದು. ಆದರೆ ಆ ಮೂರು ದೋಣಿಗಳ ಬಗ್ಗೆ ತಿಳಿದು ಯಾರಿಗೆ ಏನಾಗಬೇಕು? ಪಿ-ಮೌಲ್ಯ (ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.001 ಬಂದ ಕೂಡಲೇ ಉಪಸಂಹಾರದಲ್ಲಿ ‘ಮಲ್ಪೆಯ ಬಂಗುಡೆ ಭಾರ’ ಎಂಬ ಸಾಲು ತಾನಾಗಿಯೇ ನುಸುಳುತ್ತದೆ. ಇಂಥ ವರದಿಗಳನ್ನು ಬಹಳ ಓದಿದ್ದೇನೆ.

ಪಡುಕರೆ: ‘ಮಲ್ಪೆಯ ಬಂಗುಡೆ’ ಎಂಬುದೂ ಅನುಮಾನವೇ. ದರ ಚೆನ್ನಾಗಿರುವ ಬಂದರಿಗೆ ದೋಣಿ ಹೋಗುತ್ತದೆ. ಹಿಡಿದದ್ದು ಒಂದು ಕಡೆ, ಇಳಿಸಿದ್ದು ಇನ್ನೊಂದು ಕಡೆ.

ಕಡಲಕರೆ: ಸಲ್ಲಿಸಲು ಇನ್ನೂ ಸಮಯವಿದೆ. ಮತ್ತೆ ಸಂಗ್ರಹಿಸುವುದಾದರೆ ಹೇಗೆ? ಒಂದು ದೋಣಿಯವರು ನಾಲ್ಕೈದಕ್ಕಿಂತ ಹೆಚ್ಚು ಮೀನು ಮುಟ್ಟಲು ಬಿಡುವುದಿಲ್ಲ.

ಮಣಿಪಾಲ ಗುಡ್ಡೆ: ಅದು ತೊಂದರೆಯೇ ಅಲ್ಲ. ಬಂದರಿಗೆ ಆರು ದೋಣಿ, ದೋಣಿಗೆ ಐದು ಮೀನು: ಅದೇ 30, ಆದರೆ ಮಾಹಿತಿ ಹಲವು ಪಟ್ಟು. ಪ್ರತಿ ದೋಣಿಯ ಐದು ಮೀನುಗಳ ಸರಾಸರಿ ತೆಗೆದು, ಆ 18 ಸರಾಸರಿಗಳ ಮೇಲೆ ಅನೋವಾ ಮಾಡಿ. ಎಲ್ಲ ದೋಣಿಗಳಿಂದಲೂ ಸಮ ಸಂಖ್ಯೆಯ ಮೀನು ಇದ್ದರೆ, ದೋಣಿಯನ್ನು ಬಂದರಿನ ಒಳಗೆ ಅಡಕ ಮಾಡಿದ ದೊಡ್ಡ ಅನೋವಾ ಬಂದರುಗಳ ಬಗ್ಗೆ ಕೊಡುವ ಉತ್ತರವೇ ಇಲ್ಲೂ ಬರುತ್ತದೆ. ಐದರ ಬದಲು ಕೆಲವೆಡೆ ಮೂರೇ ಸಿಕ್ಕಿದರೆ ದೋಣಿಯಿಂದ ದೋಣಿಗಿರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ‘ಮಿಶ್ರ ಮಾದರಿ’ ಎಂಬ ಲೆಕ್ಕವಿಧಾನಕ್ಕೆ ಹೋಗಬೇಕಾದೀತು.

ಸುರತ್ಕಲ್‌ನವ: 18 ಅಂಕಿಗಳಲ್ಲಿ ಸಣ್ಣ ವ್ಯತ್ಯಾಸ ಕಾಣುವುದಿಲ್ಲ, ಎಚ್ಚರ. ವ್ಯತ್ಯಾಸ ಸಿಗಲಿಲ್ಲ ಎಂದರೆ ಇಲ್ಲವೆಂದಲ್ಲ. ಪಿ-ಮೌಲ್ಯದ ಜೊತೆ ಸರಾಸರಿಗಳ ಅಂತರ ಎಷ್ಟು ಗ್ರಾಂ, ಅದರ ಶೇ. 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಅಂತರ ಇರಬಹುದಾದ ಮಿತಿ) ಎಷ್ಟು ಎಂಬುದನ್ನೂ ಬರೆಯಿರಿ.

ಪಡುಕರೆ: ಮೂರೂ ಕಡೆ ಪರ್ಸೀನ್ ದೋಣಿಯನ್ನೇ ಹಿಡಿಯಿರಿ, ಬಲೆ ಬೆರೆಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ನಾಡದೋಣಿಯ ಮೀನೇ ಗತಿ. ತೂಕದ ಜೊತೆ ಉದ್ದವನ್ನೂ ಅಳೆಯಿರಿ. ಮೊಟ್ಟೆ ತುಂಬಿದ ಮೀನು ಉದ್ದ ಅಷ್ಟೇ ಇದ್ದರೂ ಭಾರ ತೂಗುತ್ತದೆ.

ಕಡಲಕರೆ: ಮೂರು ಬಂದರುಗಳಿಗೂ ಒಂದೇ ವಾರದಲ್ಲಿ ಹೋಗಬೇಕೇ? ಮೊದಲು ಮಂಗಳೂರು ಮುಗಿಸಿ, ಮುಂದಿನ ತಿಂಗಳು ಮಲ್ಪೆ ಎಂದುಕೊಂಡಿದ್ದೆ.

ನಿವೃತ್ತ ಉಪನ್ಯಾಸಕ: ಒಂದೇ ವಾರದಲ್ಲಿ. ಇಲ್ಲದಿದ್ದರೆ ದೋಣಿಯ ಜಾಗಕ್ಕೆ ತಿಂಗಳು ಬಂದು ಕೂರುತ್ತದೆ. ಮೂರೂ ಕಡೆ ಒಬ್ಬರೇ ಓಡಾಡುವುದು ಕಷ್ಟವಾದರೆ ಆ ಕ್ರಸ್ಕಲ್–ವಾಲಿಸ್ ಗೆಳತಿಯನ್ನು ಗಂಗೊಳ್ಳಿಗೆ ಕಳುಹಿಸಿ. ತಕ್ಕಡಿ ಮಾತ್ರ ಒಂದೇ ಕಂಪನಿಯದ್ದಿರಲಿ, ಹೊರಡುವ ಮುನ್ನ ಅದೇ ಬಟ್ಟು ಇಟ್ಟು ಎರಡನ್ನೂ ಪರೀಕ್ಷಿಸಿಕೊಳ್ಳಿ.