ಒಲಿಂಪಸ್ ಓಎಂ-1 ಫಿಲ್ಮ್ ಕ್ಯಾಮೆರಾ: ಪಿಎಕ್ಸ್625 ಬದಲು ಯಾವ ಸೆಲ್?

ಪ್ರಶ್ನೆ: 1.35 ವೋಲ್ಟಿನ ಪಾದರಸದ ಸೆಲ್ (ಪಿಎಕ್ಸ್625) ಈಗ ಸಿಗೋದಿಲ್ಲ. ಅದೇ ಅಳತೆಯ 1.5 ವೋಲ್ಟ್ ಆಲ್ಕಲೈನ್ ಹಾಕಿದರೆ ಬೆಳಕು ಅಳೆಯೋ ಮೀಟರ್ ತಪ್ಪು ತೋರಿಸುತ್ತೆ. ಏನು ಮಾಡಲಿ?

ಉತ್ತರ: ವೋಲ್ಟೇಜ್ ಜಾಸ್ತಿಯಾದರೆ ಮೀಟರ್ ಇರೋದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತೆ; ನಂಬಿದರೆ ಫಿಲ್ಮಿಗೆ ಬೆಳಕು ಸಾಲದು. ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಬಳಸಿದಂತೆಲ್ಲ ಇಳಿಯುತ್ತೆ, ಹಾಗಾಗಿ ಐಎಸ್‌ಓ (ಫಿಲ್ಮ್ ವೇಗದ ಸೆಟ್ಟಿಂಗ್) ತಿದ್ದಿಯೂ ಪ್ರಯೋಜನವಿಲ್ಲ. ಶ್ರವಣಯಂತ್ರದ 675 ಜಿಂಕ್-ಏರ್ ಸೆಲ್ ತಗೊಳ್ಳಿ, 1.4 ವೋಲ್ಟ್. ಅದು ಗಾಳಿಯಿಂದ ಕೆಲಸ ಮಾಡುತ್ತೆ, ಹಾಗಾಗಿ ತೂತಿನ ಮೇಲಿನ ಸ್ಟಿಕ್ಕರ್ ಕಿತ್ತು ಐದು ನಿಮಿಷ ಬಿಟ್ಟು ಹಾಕಿ. ಅಗಲ 11.6 ಮಿ.ಮೀ., ಹಳೆಯದು ಸುಮಾರು 16. ಸುತ್ತ ರಬ್ಬರ್ ಓ-ರಿಂಗ್ ಕೊಡಿ. ಗಾಳಿಯ ತೂತು ಮಾತ್ರ ಮುಚ್ಚಬೇಡಿ.

ಇನ್ನೊಂದು ಉತ್ತರ: ಸ್ಟಿಕ್ಕರ್ ಕಿತ್ತ ಮೇಲೆ ಬಳಸದಿದ್ದರೂ ಜಿಂಕ್-ಏರ್ ಸೆಲ್ ಕೆಲವು ತಿಂಗಳಲ್ಲೇ ಒಣಗುತ್ತೆ. ಬಾಳಿಕೆ ಬೇಕಿದ್ದರೆ 1.55 ವೋಲ್ಟಿನ ಎಸ್‌ಆರ್44 (ಸಿಲ್ವರ್ ಆಕ್ಸೈಡ್ ಸೆಲ್) ಹಾಕಿ, ಕ್ಯಾಮೆರಾದ ತಂತಿಗೆ ಶಾಟ್ಕಿ ಡಯೋಡ್ ಅನ್ನೋ ವೋಲ್ಟೇಜ್ ಇಳಿಸೋ ಬಿಡಿಭಾಗ ಬೆಸೆಯಿರಿ, ಸುಮಾರು 0.2 ವೋಲ್ಟ್ ಇಳಿಯುತ್ತೆ. ಎಲ್‌ಆರ್44 ಬೇಡ, ಅದೂ ಆಲ್ಕಲೈನೇ.