ಓದುಗರ ಸ್ಪಂದನ: ಪುಟ್ಟನ ತಟ್ಟೆಗೆ ಖಾರ ಯಾವಾಗ?

ಕಳೆದ ಸಂಚಿಕೆಯಲ್ಲಿ ಚಿಂತಾಮಣಿಯ ಓದುಗರೊಬ್ಬರು ಕೇಳಿದ್ದರು: ಮಗನಿಗೆ ಮೂರು ವರ್ಷ. ಮೊಸರನ್ನ, ತುಪ್ಪದನ್ನ ಬಿಟ್ಟು ಏನೂ ಮುಟ್ಟುವುದಿಲ್ಲ. ನಾವೆಲ್ಲ ಮುದ್ದೆ, ಬಸ್ಸಾರು ಉಣ್ಣುವಾಗ ಅವನಿಗೆ ಬೇರೆ ಅಡುಗೆ. ಖಾರ ಹೇಗೆ ರೂಢಿ ಮಾಡಿಸಲಿ? ಅತ್ತೆ 'ನಾಲಿಗೆಗೆ ಒಂಚೂರು ಹಚ್ಚು, ತಾನೇ ಕಲಿಯುತ್ತೆ' ಅಂತಾರೆ. ನನಗೆ ಭಯ.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಮ್ಮ ಕಡೆ ಉಪ್ಪುಸಾರು ಇರುವುದೇ ಇದಕ್ಕೆ, ಅಲ್ವಾ? ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು, ಅಷ್ಟೇ. ಖಾರ ಬೇರೆ ರುಬ್ಬಿ ತಟ್ಟೆ ಅಂಚಿಗೆ. ದೊಡ್ಡವರು ಬೇಕಾದಷ್ಟು ಕಲಸಿಕೊಳ್ಳಲಿ. ನನ್ನ ಮಗಳು ಒಂದು ತಿಂಗಳು ಆ ಖಾರವನ್ನು ಸುಮ್ನೆ ನೋಡುತ್ತಿದ್ದಳು. ಒಂದು ದಿನ ತಾನೇ ಬೆರಳದ್ದಿ ನೆಕ್ಕಿ 'ಹಾ ಹಾ' ಅಂದಳು. ಮತ್ತೆ ಅದ್ದಿದಳು.
— ಮಧುಗಿರಿ

ಬೆರಳು ಮಗುವಿನದೇ ಆಗಿತ್ತು, ಗಮನಿಸಿ.

ಅತ್ತೆ ಹೀಗಂದರು, ನನಗೆ ಹಾಗನ್ನಿಸಿತು ಅಂತೆಲ್ಲ ಬರೆದಿದ್ದೀರಿ. ನಿಮ್ಮ ಯಜಮಾನರು ಊಟಕ್ಕೆ ಕೂರುವುದಿಲ್ವಾ? ಅವರನ್ನು ಕೇಳಿ.
— ಗೌರಿಬಿದನೂರು

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾನೂ ಹೀಗೇ ಹೆದರುತ್ತಿದ್ದೆ. ನಮ್ಮತ್ತೆ ಹಿತಕಿದ ಬೇಳೆ ಸಾರಿಗೆ ಮುದ್ದೆ ಅದ್ದಿ, ತುಪ್ಪದಲ್ಲಿ ಹೊರಳಿಸಿ, ಕಡಲೆಬೀಜದಷ್ಟು ಉಂಡೆ ಮಾಡಿ ಮಗನ ಬಾಯಿಗಿಡುತ್ತಿದ್ದರು. ಅವನೂ ಗುಬ್ಬಿ ಮರಿ ಹಾಗೆ ಬಾಯಿ ತೆರೆಯುತ್ತಿದ್ದ. ಒಂದು ರಾತ್ರಿ ನೆತ್ತಿಗೆ ಹತ್ತಿ ಕೆಮ್ಮಿದ. ಕಣ್ಣಲ್ಲಿ ನೀರು. ನಾನು ಅಡುಗೆಮನೆಯಿಂದ ಓಡಿ ಬಂದು ಅತ್ತೆಯ ಮುಂದಿದ್ದ ತಟ್ಟೆ ಕಿತ್ತುಕೊಂಡೆ. 'ನಿಮ್ಮ ಖಾರಕ್ಕೆ ನನ್ನ ಮಗು ಸಾಯಬೇಕಾ?' ಅಂದೆ. ಅವರು ಏನೂ ಅನ್ನಲಿಲ್ಲ. ಎದ್ದು ಕೈ ತೊಳೆದರು. ಆಮೇಲೆ ಮೊಮ್ಮಗನಿಗೆ ಒಂದು ತುತ್ತೂ ಇಡಲಿಲ್ಲ. ನಾವೆಲ್ಲ ಉಂಡ ಮೇಲೆ ಒಬ್ಬರೇ ಉಣ್ಣುತ್ತಿದ್ದರು. ಮಗ ಹನ್ನೊಂದು ವರ್ಷದವರೆಗೂ ಸಾರನ್ನ ಮುಟ್ಟಲಿಲ್ಲ. ಹಾಸ್ಟೆಲಿಗೆ ಹೋದ ತಿಂಗಳಲ್ಲೇ ಎಲ್ಲ ಕಲಿತ. ಈಗ ನನಗಿಂತ ಜಾಸ್ತಿ ಖಾರ ತಿನ್ನುತ್ತಾನೆ. ಅತ್ತೆ ತೀರಿಕೊಂಡು ಆರು ವರ್ಷ. ನೀವು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅವರೆಕಾಯಿ ಕಾಲ ಬಂದರೆ ಸಾಕು, ಆ ತಟ್ಟೆ ಕಣ್ಣಮುಂದೆ ಬರುತ್ತೆ.
— ಮುಳಬಾಗಿಲು

ತುಪ್ಪದಲ್ಲಿ ಹೊರಳಿಸುವುದಕ್ಕೂ ನಾಲಿಗೆಗೆ ಹಚ್ಚುವುದಕ್ಕೂ ಬಹಳ ದೂರ ಅನ್ನಿಸಿತು ನಮಗೆ.

ಗುಂಟೂರು ಬಿಡಿ, ಬ್ಯಾಡಗಿ ಹಾಕಿ. ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರ ಬೀಜದಲ್ಲಿದೆ ಅಂತಾರೆ, ಸುಳ್ಳು. ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲೇ ಹೆಚ್ಚು. ಅದನ್ನು ತೆಗೆದು ಹುರಿಯಿರಿ. ಬಾಯಿ ಉರಿದರೆ ನೀರು ಕುಡಿಸಿ ಪ್ರಯೋಜನವಿಲ್ಲ, ಆ ಖಾರ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮೊಸರು ಕೊಡಿ. ಅಂದ ಹಾಗೆ ಮೆಣಸಿನಕಾಯಿ ಈ ನೆಲದ್ದೇ ಅಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದಿದ್ದು. ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಕಾಳುಮೆಣಸೇ ಗತಿ.
— ನಿವೃತ್ತ ಮೇಷ್ಟ್ರು, ಶಿರಾ

ಪೋರ್ಚುಗೀಸರ ಬಗ್ಗೆ ಇನ್ನೂ ಮೂರು ಪುಟಗಳಿದ್ದವು. ಮೇಷ್ಟ್ರು ಕ್ಷಮಿಸಬೇಕು.

ಖಾರ ಇರಲಿ, ಹುಡುಗ ಮುದ್ದೆ ನುಂಗುತ್ತಾನೋ, ಅಗಿಯುತ್ತಾನೋ? ಅಗಿದರೆ ಬೈಬೇಡಿ. ನಮ್ಮ ಮೊಮ್ಮಗ ಐದು ತುಂಬಿದ ಮೇಲೆ ನುಂಗಲು ಕಲಿತ.
— ಮಾಲೂರು