ಜಪ್ತಿಗೆ ಹೋದ ಅಮೀನರನ್ನು ತಳ್ಳಿ ಬೆದರಿಸಿದರೆ ಯಾವ ಕಲಂ?

ಸಿವಿಲ್_ಗುಮಾಸ್ತ:
ಹಣದ ಡಿಕ್ರಿಯ (ಕೋರ್ಟ್ ತೀರ್ಪಿನ ಆದೇಶದ) ಅಮಲ್ಜಾರಿ, ಅಂದರೆ ಜಾರಿ. ಚರಾಸ್ತಿ ಜಪ್ತಿ ವಾರಂಟ್ ಹಿಡಿದು ಅಮೀನರು (ಕೋರ್ಟ್ ಆದೇಶ ಜಾರಿ ಮಾಡುವ ಸಿಬ್ಬಂದಿ) ಸಾಲಗಾರನ ಮನೆಗೆ ಹೋಗುತ್ತಾರೆ. ಮಗ ಬಾಗಿಲಿಗೆ ಅಡ್ಡ ನಿಂತು ಎದೆಗೆ ಕೈಕೊಟ್ಟು ತಳ್ಳುತ್ತಾನೆ, "ಇನ್ನೊಂದ್ಸಲ ಬಂದ್ರೆ ಕಾಲು ಮುರೀತೀನಿ" ಅನ್ನುತ್ತಾನೆ. ಗಾಯವಿಲ್ಲ. ಠಾಣೆಯವರು "ಇದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 221, ಮ್ಯಾಜಿಸ್ಟ್ರೇಟರಿಗೇ ದೂರು ಕೊಡಿ" ಎಂದು ಹಿಂಬರಹ (ಲಿಖಿತ ಉತ್ತರ) ಕೊಟ್ಟರೆ ಸರಿಯೇ? ಇಂಥದ್ದಕ್ಕೆ ಶಿಕ್ಷೆ ಎಷ್ಟು?

ಕರಿಕೋಟು:
ಅರ್ಧ ಸರಿ. ಬರೀ ಅಡ್ಡ ನಿಂತಿದ್ದರೆ 221 (ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ): ಮೂರು ತಿಂಗಳವರೆಗೆ ಸಜೆ, ಅಥವಾ 2,500 ರೂ.ವರೆಗೆ ದಂಡ, ಅಥವಾ ಎರಡೂ. ಜಪ್ತಿಗೆ ಇನ್ನೂ ಚೆನ್ನಾಗಿ ಹೊಂದುವುದು 218 (ಆಸ್ತಿ ವಶಪಡಿಸಿಕೊಳ್ಳುವುದಕ್ಕೆ ಪ್ರತಿರೋಧ), ಆದರೆ ಅದು ಯಾರಿಗೂ ನೆನಪಾಗುವುದಿಲ್ಲ: ಆರು ತಿಂಗಳು ಅಥವಾ 10,000 ರೂ. ಅಥವಾ ಎರಡೂ. ಈ ಎರಡಕ್ಕೂ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 215 ಅಡ್ಡ ಬರುತ್ತದೆ. ಅಮೀನರದೋ ಅವರ ಮೇಲಧಿಕಾರಿಯದೋ ಲಿಖಿತ ದೂರು ಇಲ್ಲದೆ ಮ್ಯಾಜಿಸ್ಟ್ರೇಟರು ಸಂಜ್ಞೆ ತೆಗೆದುಕೊಳ್ಳುವಂತಿಲ್ಲ, ಅಂದರೆ ಕೇಸನ್ನು ಕೈಗೆತ್ತಿಕೊಳ್ಳುವಂತಿಲ್ಲ.

ಆದರೆ ಎದೆಗೆ ಕೈ ಬಿತ್ತಲ್ಲ, ಅಲ್ಲಿಗೆ 132 (ಸರ್ಕಾರಿ ನೌಕರನನ್ನು ತಡೆಯಲು ಹಲ್ಲೆ ಅಥವಾ ಬಲಪ್ರಯೋಗ) ಬಂತು. ಎರಡು ವರ್ಷದವರೆಗೆ ಸಜೆ, ಸಂಜ್ಞೇಯ (ಪೊಲೀಸರೇ ನೇರವಾಗಿ ಕೇಸು ದಾಖಲಿಸಬಹುದು), ಜಾಮೀನುರಹಿತ. ಇದಕ್ಕೆ 215ರ ತಡೆ ಇಲ್ಲ, ಠಾಣೆಯವರು ಎಫ್‌ಐಆರ್ ಹಾಕಲೇಬೇಕು. ಹಳೆಯ ಐಪಿಸಿ 186 (ಈಗಿನ 221) ಮತ್ತು 353 (ಈಗಿನ 132) ಬೇರೆಬೇರೆ ಅಪರಾಧ, ಒಂದಕ್ಕಿರುವ ತಡೆ ಇನ್ನೊಂದಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1966ರಲ್ಲೇ ಒಡಿಶಾದ ಪ್ರಕರಣವೊಂದರಲ್ಲಿ ಹೇಳಿದೆ. ಅದೂ ಜಪ್ತಿಯ ಗಲಾಟೆಯೇ.

ಗಾಯವಾಗಿದ್ದರೆ 121(1), ಐದು ವರ್ಷದವರೆಗೆ. ತೀವ್ರ ಗಾಯವಾದರೆ 121(2), ಕನಿಷ್ಠ ಒಂದು, ಗರಿಷ್ಠ ಹತ್ತು ವರ್ಷ, ಜೊತೆಗೆ ದಂಡ. ಘಟನೆ 2024ರ ಜುಲೈ 1ಕ್ಕೆ ಮುಂಚಿನದಾದರೆ ಐಪಿಸಿ ಕಲಂಗಳನ್ನೇ ಹಾಕಬೇಕು. ಅಲ್ಲಿ ಸಾಧಾರಣ ಗಾಯಕ್ಕೆ ಮೂರೇ ವರ್ಷ.

ಸಿವಿಲ್_ಗುಮಾಸ್ತ:
ಮುಟ್ಟದೆ ಬಾಯಲ್ಲಷ್ಟೇ ಬೆದರಿಸಿದ್ದರೆ?

ಷರಾ_ನೋಡಿ:
ಬರೀ ಮಾತು ಹಲ್ಲೆಯಾಗುವುದಿಲ್ಲ. ಆಗ 224 (ಸರ್ಕಾರಿ ನೌಕರನಿಗೆ ಬೆದರಿಕೆ), ಎರಡು ವರ್ಷದವರೆಗೆ, ಆದರೆ ಅಸಂಜ್ಞೇಯ. ಅದೇ ಮಾತನ್ನು ದೊಣ್ಣೆ ಎತ್ತಿಕೊಂಡು ಹೇಳಿದರೆ ಮೈಗೆ ತಾಗದಿದ್ದರೂ ಹಲ್ಲೆ, 132.

ಹಾಗಾಗಿ ಕೇಸು ನಿಲ್ಲುವುದೂ ಬೀಳುವುದೂ ಅಮೀನರ ಷರಾದ (ವಾರಂಟ್ ವಾಪಸ್ ಕೊಡುವಾಗ ಬರೆಯುವ ಟಿಪ್ಪಣಿಯ) ಮೇಲೆ. "ಎದುರುದಾರರು ಅಡ್ಡಿಪಡಿಸಿದ್ದರಿಂದ ವಾರಂಟ್ ಜಾರಿಯಾಗಿಲ್ಲ" ಎಂದು ಒಂದೇ ಸಾಲು ಬರೆದು ವಾಪಸ್ ಕೊಟ್ಟರೆ 221ರಿಂದ ಮೇಲೆ ಏಳುವುದಿಲ್ಲ. ಯಾರು, ಯಾವ ಕೈ, ಎಲ್ಲಿ ತಾಗಿತು, ಆಡಿದ ಮಾತು ಆಡಿದ ಹಾಗೆಯೇ, ಗಂಟೆ ಎಷ್ಟು, ಪಂಚರು ಯಾರು, ಇಷ್ಟೂ ಅಂದೇ ಬರೆದಿರಬೇಕು. ಮೂರು ದಿನ ಬಿಟ್ಟು ಕೊಟ್ಟ ಪೊಲೀಸ್ ದೂರಿನಲ್ಲಿ ಮಾತ್ರ "ತಳ್ಳಿದರು" ಅಂತ ಬಂದರೆ ಪಾಟೀಸವಾಲಿನಲ್ಲಿ ಮೊದಲು ಕೇಳುವುದೇ ಅದನ್ನು.

ಗಂಟೆ ಯಾಕೆ ಅಂದರೆ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 62ರ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಜಪ್ತಿಗೆಂದು ವಾಸದ ಮನೆಯೊಳಗೆ ಕಾಲಿಡುವಂತಿಲ್ಲ. ಕೇಳಿದಾಗ ವಾರಂಟ್ ತೋರಿಸಿದ್ದನ್ನೂ ಬರೆಯಿರಿ. ತೋರಿಸದಿದ್ದರೆ ಬಿಎನ್‌ಎಸ್ 37ರ ವಿವರಣೆ ಹಿಡಿದು ಆರೋಪಿ ಆತ್ಮರಕ್ಷಣೆಯ ವಾದ ಎತ್ತುತ್ತಾನೆ.

ಮೊಬೈಲ್ ವಿಡಿಯೊ ಇದ್ದರೆ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು, ಎ ಮತ್ತು ಬಿ ಎರಡೂ ಭಾಗ, ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಸಮೇತ. ಬಿ ಭಾಗಕ್ಕೆ ತಜ್ಞರ ಸಹಿ.

ಅಮಲ್ಜಾರಿ_ಪ್ರೇಮಿ:
ಕೆಲವರು ಇಂಥದ್ದಕ್ಕೂ ಸಿಪಿಸಿಯ ಆದೇಶ 21 ನಿಯಮ 97ರ ಅರ್ಜಿ ಹಾಕುತ್ತಾರೆ. ಅದು ಸ್ಥಿರಾಸ್ತಿಯ ಸ್ವಾಧೀನಕ್ಕೆ, ಚರಾಸ್ತಿ ಜಪ್ತಿಗಲ್ಲ. ಸ್ವಾಧೀನದ ಡಿಕ್ರಿಯಾಗಿದ್ದರೆ ನಿಯಮ 98ರಲ್ಲಿ ಅಡ್ಡಿ ಮಾಡಿದವನನ್ನು 30 ದಿನದವರೆಗೆ ಸಿವಿಲ್ ಬಂದೀಖಾನೆಗೆ ಕಳಿಸಬಹುದು.

ಕೋರ್ಟ್ ಹಾಲಿನೊಳಗೆ ನ್ಯಾಯಾಧೀಶರನ್ನು ಬೈದರೆ ದಾರಿಯೇ ಬೇರೆ: ಬಿಎನ್‌ಎಸ್ 267, ಆರು ತಿಂಗಳು ಅಥವಾ 5,000 ರೂ. ಅಥವಾ ಎರಡೂ. ಬಿಎನ್‌ಎಸ್‌ಎಸ್ 384ರಡಿ ಅಂದೇ, ಕೋರ್ಟ್ ಏಳುವುದರೊಳಗೆ ಸಂಜ್ಞೆ ತೆಗೆದುಕೊಂಡು, ಆತನಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟು 1,000 ರೂ.ವರೆಗೆ ದಂಡ ಹಾಕಬಹುದು. ಕ್ಷಮೆ ಕೇಳಿದರೆ ಬಿಡಲೂಬಹುದು.

ಸಿವಿಲ್_ಗುಮಾಸ್ತ:
221, 218ರ ದೂರಿಗೆ ಕಾಲಮಿತಿ?

ಕರಿಕೋಟು:
ಒಂದು ವರ್ಷ, ಬಿಎನ್‌ಎಸ್‌ಎಸ್ 514. ದೂರು ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಠಾಣೆಗೆ ಕೊಟ್ಟ ಅರ್ಜಿ 215ರ ದೂರು ಅನಿಸಿಕೊಳ್ಳುವುದಿಲ್ಲ.